ಹಿಮದಲ್ಲಿ ಟ್ರ್ಯಾಕ್ಟರಿಗೆ ಚೈನ್ ಕಟ್ಟಿದ ವರ್ಷಗಳು

ಹೋದ ಯುಗಾದಿಯ ಊಟದ ದಿನ ಚೇತನ್ ಎಂಬ ಹುಡುಗ ನನ್ನ ಪಕ್ಕದಲ್ಲಿ ಕುಳಿತಿದ್ದ. ಹಾಸನದ ಕಡೆಯವನು. ಸ್ಟೂಡೆಂಟ್ ಆಗಿ ಮೆಲ್ಬರ್ನ್‌ಗೆ ಬಂದು, ಇಲ್ಲೇ ಕಾಯಂ ಆಗಿ ನೆಲೆಸಲು ಪಿಆರ್ ಪಡೆದು, ಈಗ ಕೃಷಿ ಯಂತ್ರಗಳ ಸರ್ವಿಸ್ ಕೆಲಸಕ್ಕೆ ಸೇರಿದ್ದಾನೆ. ನಾನು ಇಷ್ಟು ವರ್ಷ ಏನು ಮಾಡಿದೆ ಎಂದು ಕೇಳಿದ. ಟ್ರ್ಯಾಕ್ಟರ್ ಟೈರಿಗೆ ಚೈನ್ ಕಟ್ಟುತ್ತಿದ್ದೆ ಎಂದೆ.

“ಅಂಕಲ್, ಅದ್ರಲ್ಲೇನಿದೆ? ಟೈರ್ ಮೇಲೆ ಸೈಜ್ ಬರೆದಿರುತ್ತಲ್ಲ. ನೋಡಿ ಆನ್‌ಲೈನ್ ಆರ್ಡರ್ ಮಾಡಿದ್ರೆ ಮುಗೀತು,” ಅಂದ.

ಮೊದಮೊದಲು ನಾನೂ ಹಾಗೆಯೇ ಅಂದುಕೊಂಡಿದ್ದೆ. ಅವನಂಥವರು ಈ ಕೆಲಸಕ್ಕೆ ಬರುತ್ತಿದ್ದಾರೆ, ಆದ್ದರಿಂದ ನಾನು ಕಂಡದ್ದನ್ನು ಬರೆದಿಡುತ್ತೇನೆ. ಯಾವಾಗ ಫೋರ್‌ಮನ್ ಆದೆ ಎಂಬಂಥ ವಿಷಯ ನನಗೇ ಸರಿಯಾಗಿ ನೆನಪಿಲ್ಲ. ಇಲ್ಲಿ ಯಜಮಾನರನ್ನೂ ಹೆಸರು ಹಿಡಿದೇ ಕರೆಯುತ್ತಾರೆ, ಹಾಗಾಗಿ ಬರೆಯುವಾಗಲೂ ಹಾಗೆಯೇ ಬರೆಯುತ್ತೇನೆ.

ನಾನು ಐಟಿಐ ಮುಗಿಸಿ ಗಂಗಾವತಿಯ ಒಂದು ಟ್ರ್ಯಾಕ್ಟರ್ ಶೋರೂಮಿನಲ್ಲಿ ಮೆಕ್ಯಾನಿಕ್ ಆಗಿದ್ದವನು. ನೀರು ತುಂಬಿದ ಭತ್ತದ ಗದ್ದೆಗೆ ಇಳಿಯುವ ಟ್ರ್ಯಾಕ್ಟರಿಗೆ ಕಬ್ಬಿಣದ ಕೇಜ್ ವೀಲ್ ಕಟ್ಟುವುದು ನನಗೆ ಗೊತ್ತಿತ್ತು. ಕೆಸರಿನಲ್ಲಿ ಚಕ್ರ ಸುಮ್ಮನೆ ಸುತ್ತದಂತೆ ಮಾಡುವ ಉಪಾಯ ಅದು. ಸಿಡ್ನಿಗೆ ಬಂದು ಪೆಂಡಲ್ ಹಿಲ್‌ನಲ್ಲಿ ರೆಂಟಿಗೆ ಮನೆ ಹಿಡಿದಾಗ ಊರಿನ ಪಶ್ಚಿಮದ ಅಂಚಿನಲ್ಲಿದ್ದ ಒಂದು ದೊಡ್ಡ ಟೈರ್ ಯಾರ್ಡಿನಲ್ಲಿ ಕೆಲಸ ಸಿಕ್ಕಿತು. ಅದರ ಯಜಮಾನ ಗ್ರೇಮ್. ನಾಗರಾಜ ಎಂಬ ನನ್ನ ಹೆಸರು ಅವನ ಬಾಯಲ್ಲಿ ‘ನ್ಯಾಗ್’ ಆಯಿತು. ಇಂಗ್ಲಿಷಿನಲ್ಲಿ ಅದಕ್ಕೆ ಮುದಿ ಕುದುರೆ ಎಂಬ ಅರ್ಥವಿದೆ ಎಂದು ತಿಳಿಯುವಷ್ಟರಲ್ಲಿ ಹೆಸರು ಅಂಟಿಕೊಂಡಿತ್ತು. ನನ್ನ ಹೆಂಡತಿ ಸುಮಾ ಇವತ್ತಿಗೂ ಕೋಪ ಬಂದಾಗ ಅದನ್ನೇ ಬಳಸುತ್ತಾಳೆ.

ಆಸ್ಟ್ರೇಲಿಯಾದಲ್ಲಿ ಹಿಮ ಬೀಳುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಸಿಡ್ನಿಯಲ್ಲಾಗಲಿ ಮೆಲ್ಬರ್ನ್‌ನಲ್ಲಾಗಲಿ ಬೀಳುವುದಿಲ್ಲ. ಆದರೆ ಎರಡು ಊರಿನ ನಡುವೆ ಎತ್ತರದ ಬೆಟ್ಟಸಾಲು ಇದೆ. ಇಲ್ಲಿ ಚಳಿಗಾಲವಾದ ಜೂನ್ ಬಂತೆಂದರೆ ಅಲ್ಲಿ ದಾರಿ, ಬೇಲಿ, ಹುಲ್ಲುಗಾವಲು ಎಲ್ಲ ಬೆಳ್ಳಗಾಗುತ್ತವೆ. ಅಲ್ಲಿಯ ರೈತರು ದನಗಳಿಗೆ ಒಣಹುಲ್ಲು ಒಯ್ಯಬೇಕು, ಮನೆಯಿಂದ ರಸ್ತೆಯವರೆಗಿನ ಹಿಮ ಸರಿಸಬೇಕು. ಅದಕ್ಕೆ ಟ್ರ್ಯಾಕ್ಟರ್ ಬೇಕು, ಟ್ರ್ಯಾಕ್ಟರ್ ಜಾರದಿರಲು ಚೈನ್ ಬೇಕು.

ಗ್ರೇಮ್ ಚೈನ್ ಮಾರುತ್ತಿದ್ದ ರೀತಿ ಸರಳ. ಫೋನ್ ಬರುತ್ತದೆ. “ಸೈಜ್ ಹೇಳು,” ಅನ್ನುತ್ತಾನೆ. ಗಿರಾಕಿ ಹೇಳುತ್ತಾನೆ. ಆ ಸೈಜಿನ ಚೈನ್ ಚೀಲಕ್ಕೆ ತುಂಬಿ ಲಾರಿಗೆ ಹಾಕುತ್ತೇವೆ. ಒಮ್ಮೆ ಆ ಬೆಟ್ಟದ ಕಡೆಯ ಕೂಮಾ ಊರಿನ ಆಚೆಯ ಒಬ್ಬ ರೈತನಿಗೆ ಹೀಗೆಯೇ ಕಳಿಸಿದೆವು. ವಾರ ಕಳೆಯುವುದರೊಳಗೆ ಆತ ಯೂಟ್, ಅಂದರೆ ಹಿಂದೆ ಸರಕು ಹಾಕುವ ಗಾಡಿ, ಓಡಿಸಿಕೊಂಡು ಸಿಡ್ನಿಯವರೆಗೂ ಬಂದ. ಚೀಲವನ್ನು ಕೌಂಟರಿನ ಮೇಲೆ ಸುರಿದ. ಜಗಳವಾಡಲಿಲ್ಲ.

“ಸೈಜ್ ಸರಿಯಾಗಿದೆ. ಚೈನ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಯಾಕೆ ಅಂತ ನೀನೇ ಹೇಳು,” ಅಂದ.

ಗ್ರೇಮ್‌ಗೆ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಯಾರ್ಡಿನಲ್ಲಿದ್ದ ಒಂದು ಟ್ರ್ಯಾಕ್ಟರಿಗೆ ಅದೇ ಚೈನ್ ಹಾಕಿ ಮೂವರೂ ಸುತ್ತ ನಿಂತು ನೋಡಿದೆವು. ಆಗ ತಿಳಿಯಿತು. ಅದು ಏಣಿಯಂಥ ಚೈನ್, ಟೈರಿನ ಎರಡು ಬದಿಗೆ ಉದ್ದ ಸರಪಳಿ, ನಡುವೆ ಮೆಟ್ಟಿಲಿನ ಹಾಗೆ ಅಡ್ಡ ಸರಪಳಿ. ಟ್ರ್ಯಾಕ್ಟರ್ ಟೈರಿಗೆ ದಪ್ಪನೆಯ ರಬ್ಬರ್ ಉಬ್ಬುಗಳು ಇರುತ್ತವಲ್ಲ, ಚಕ್ರ ಒಂದು ಸುತ್ತು ಸುತ್ತುವಷ್ಟರಲ್ಲಿ ಅಡ್ಡ ಸರಪಳಿಗಳೆಲ್ಲ ಆ ಉಬ್ಬುಗಳ ನಡುವಿನ ಸಂದಿಗೆ ಜಾರಿ ಕುಳಿತುಬಿಟ್ಟವು. ನೆಲಕ್ಕೆ ತಾಗುತ್ತಿದ್ದುದು ಬರೀ ರಬ್ಬರ್. ಉಬ್ಬಿರುವ ಟೈರಿಗೆ ಬಲೆಯ ಹಾಗೆ ಒಂದಕ್ಕೊಂದು ಹೆಣೆದ ಚೈನ್ ಬೇಕು, ಅದು ಸಂದಿಗೆ ಬೀಳುವುದಿಲ್ಲ. ಹುಲ್ಲುಹಾಸಿನ ಮೇಲೆ ಓಡಿಸುವ ಸಪಾಟಾದ ಟೈರಿಗಾದರೆ ಏಣಿ ಚೈನೇ ಸಾಕು. ಗ್ರೇಮ್ ಬೇರೆ ಚೈನ್ ಕೊಟ್ಟು ಕಳಿಸಿದ. ಮಾರನೆಯ ದಿನ ಫೋನ್ ಬಂದಾಗ ಮತ್ತೆ “ಸೈಜ್ ಹೇಳು” ಎಂದೇ ಶುರು ಮಾಡಿದ.

ಮಗಳಿಗೆ ಮೆಲ್ಬರ್ನ್‌ನಲ್ಲಿ ಯೂನಿವರ್ಸಿಟಿ ಸೀಟು ಸಿಕ್ಕಿದಾಗ ನಾವೂ ಇಲ್ಲಿಗೆ ಬಂದೆವು. ಮೊದಲು ಗ್ಲೆನ್ ವೇವರ್ಲಿಯಲ್ಲಿ ಮನೆ ನೋಡಿದೆವು, ಅಲ್ಲಿಯ ಬೆಲೆ ಕೇಳಿ ಕ್ರೇಗಿಬರ್ನ್‌ಗೆ ಬಂದು ನೆಲೆ ನಿಂತೆವು. ಅದರಿಂದ ಒಳ್ಳೆಯದೇ ಆಯಿತು. ಬೆಟ್ಟದ ಕಡೆಗೆ ಹೋಗುವ ಹೆದ್ದಾರಿ ನಮ್ಮ ಸಬರ್ಬಿನ ಪಕ್ಕದಲ್ಲೇ ಹಾದುಹೋಗುತ್ತದೆ. ಟ್ರ್ಯಾಕ್ಟರ್ ಬಿಡಿಭಾಗಗಳ ಒಂದು ಅಂಗಡಿಯೂ ಅದೇ ದಾರಿಯಲ್ಲಿತ್ತು. ಅದರ ಮ್ಯಾನೇಜರ್ ಮರ್ಲೀನ್.

ಮರ್ಲೀನ್ ಮರದ ದಿಮ್ಮಿ ಸಾಗಿಸುವವರ ಮನೆಯಲ್ಲಿ ಹುಟ್ಟಿದವಳು. ಸಣ್ಣ ಆಳು, ದೊಡ್ಡ ಬೂಟು, ಮಾತು ಕಡಿಮೆ. ಗಿರಾಕಿ ಫೋನ್ ಮಾಡಿದರೆ ಸೈಜನ್ನು ಕೊನೆಗೆ ಕೇಳುತ್ತಿದ್ದಳು. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕೈ ಹೋಗುತ್ತದಾ? ಹೈಡ್ರಾಲಿಕ್ ಪೈಪ್ ಎಲ್ಲಿದೆ? ಮುಂದೆ ಲೋಡರ್ ಇದೆಯಾ? ನೆಲ ಎಂಥದು, ಏರು ಎಷ್ಟು? ಉತ್ತರದಲ್ಲಿ ಒಂದು ಅನುಮಾನ ಕಂಡರೂ, “ನಾವೇ ಬಂದು ನೋಡ್ತೀವಿ,” ಅನ್ನುತ್ತಿದ್ದಳು. ಅವಳ ಕೈಕೆಳಗೆ ಬಂದ ಮೇಲೆ ನನ್ನ ಚಳಿಗಾಲಗಳೆಲ್ಲ ಬೆಟ್ಟದಲ್ಲೇ ಕಳೆದವು.

ಅವಳಿಂದ ಕಲಿತದ್ದನ್ನು ಇಲ್ಲಿ ಹೇಳಿಬಿಡುತ್ತೇನೆ. ಚೈನಿನ ಕೊಂಡಿಗಳ ಬಾಯಿ ಹೊರಗಡೆಗೆ ಇರಬೇಕು. ಒಳಗಿದ್ದರೆ ಟೈರಿನ ಬದಿಯನ್ನು ದಿನವೂ ಸ್ವಲ್ಪ ಸ್ವಲ್ಪ ಕೊರೆಯುತ್ತದೆ. ಕಟ್ಟಿದ ಮೇಲೆ ಸ್ವಲ್ಪ ದೂರ ಓಡಿಸಿ, ನಿಲ್ಲಿಸಿ, ಮತ್ತೆ ಬಿಗಿ ಮಾಡಬೇಕು. ಮೊದಲ ಬಿಗಿ ನಿಜವಾದ ಬಿಗಿಯಲ್ಲ. ಹಿಂದಿನ ಚಕ್ರಗಳಿಗೆ ಮಾತ್ರ ಕಟ್ಟಿದರೆ ಎಳೆಯುವ ಶಕ್ತಿ ಬರುತ್ತದೆ, ಆದರೆ ತಿರುವಿನಲ್ಲಿ ಮುಂದಿನ ಚಕ್ರ ಮಾತು ಕೇಳದೆ ನೇರ ಹೋಗುತ್ತದೆ. ಮುಂದಕ್ಕೆ ಮಾತ್ರ ಕಟ್ಟಿದರೆ ಇಳಿಜಾರಿನಲ್ಲಿ ಹಿಂಭಾಗವೇ ಸುತ್ತಿಕೊಂಡು ಮುಂದೆ ಬರುತ್ತದೆ. ಹಿಮ ಕರಗಿದ ಡಾಂಬರಿನ ಮೇಲೆ ಚೈನ್ ಹಾಕಿಕೊಂಡು ಓಡಿಸಬಾರದು. ಹಿಮದಲ್ಲಿ ಸ್ಕೀ ಆಡಲು ಜನ ಬರುವ ಒಂದು ಹಳ್ಳಿಯಲ್ಲಿ ಹಿಮ ಸರಿಸುವ ಒಬ್ಬ ಕಾಂಟ್ರ್ಯಾಕ್ಟರ್ ಬಿಚ್ಚಲು ಸೋಮಾರಿತನ ಮಾಡಿ ಒಂದು ಸೀಸನ್ ಪೂರ್ತಿ ಹಾಗೇ ಓಡಿಸಿದ. ಸರಪಳಿಯ ಕೊಂಡಿಗಳು ಸವೆದು ಕಾಗದದಂತಾಗಿದ್ದವು. ಒಂದು ತುಂಡಾಗಿ ಚಕ್ರದ ಜೊತೆ ಸುತ್ತುತ್ತ ಮಡ್‌ಗಾರ್ಡನ್ನು ಬಡಿದು ಬಡಿದು ಹರಿದೇ ಹಾಕಿತು. ಅವನ ಕಾಲು ಅಲ್ಲಿಂದ ಗೇಣು ದೂರದಲ್ಲಿತ್ತು.

ಇನ್ನು ಹೆಲೆನ್ ವಿಷಯ. ಚೇತನ್ ಮಾತು ಕೇಳಿದಾಗ ನನಗೆ ಮೊದಲು ನೆನಪಾದವಳು ಅವಳೇ.

ಮ್ಯಾನ್ಸ್‌ಫೀಲ್ಡ್ ಎಂಬ ಊರು ದಾಟಿ ಬೆಟ್ಟ ಹತ್ತಿದರೆ ಅವಳ ದನದ ಫಾರ್ಮ್. ಗಂಡ ಇಯಾನ್ ತೀರಿಕೊಂಡು ಎರಡನೆಯ ಚಳಿಗಾಲ ಅದು. ಇಯಾನ್ ಓಡಿಸುತ್ತಿದ್ದ ಕ್ಯಾಬಿನ್ ಇಲ್ಲದ ಹಳೆಯ ಟ್ರ್ಯಾಕ್ಟರ್ ಕೆಟ್ಟು ನಿಂತಿತ್ತು. ಅವಳು ಮುಂದೆ ಭಾರ ಎತ್ತುವ ಲೋಡರ್ ಇರುವ, ಎತ್ತರದ ಕ್ಯಾಬಿನ್ನಿನ ಬೇರೆ ಟ್ರ್ಯಾಕ್ಟರ್ ಕೊಂಡಿದ್ದಳು. ಅದಕ್ಕೆ ಸೈಜ್ ನೋಡಿ ಎಲ್ಲಿಂದಲೋ ಚೈನ್ ತರಿಸಿ ಹಾಕಿದಾಗ ಅದು ಒಳಬದಿಯ ಹೈಡ್ರಾಲಿಕ್ ಪೈಪಿಗೆ ಉಜ್ಜತೊಡಗಿತು. ಆಗ ನಮಗೆ ಫೋನ್ ಮಾಡಿದಳು. ಎರಡು ದಿನದ ಹಿಂದೆ ಜೋರಾಗಿ ಹಿಮ ಬಿದ್ದಿತ್ತು. ಮತ್ತೆ ಬೀಳುವ ಸೂಚನೆಯಿತ್ತು. ಮರ್ಲೀನ್ ಮತ್ತು ನಾನು ಬೆಳಿಗ್ಗೆಯೇ ಹೊರಟೆವು.

ಪೈಪಿನ ಸಮಸ್ಯೆ ಬಗೆಹರಿಯಿತು. ಹಿಂದಿನ ಚಕ್ರಗಳನ್ನು ಬಿಚ್ಚಿ, ರಿಮ್ ನಡುವಿನ ತಟ್ಟೆಯನ್ನು ತಿರುಗಿಸಿ ಕೂರಿಸಿದರೆ ಚಕ್ರ ಹೊರಕ್ಕೆ ಸರಿಯುತ್ತದೆ, ಚೈನಿಗೆ ಜಾಗ ಸಿಗುತ್ತದೆ. ಹಾಗೆ ಮಾಡುವಾಗ ಟೈರಿನ ಉಬ್ಬುಗಳ ದಿಕ್ಕು ತಿರುಗದಂತೆ ನೋಡಿಕೊಳ್ಳಬೇಕು. ಶೆಡ್ಡಿನಲ್ಲಿ ನಾನು ಮತ್ತು ಹೆಲೆನ್ ಸೇರಿ ಮಾಡಿದೆವು. ಅರವತ್ತು ದಾಟಿದ ಹೆಂಗಸು, ಜಾಕ್ ಹಿಡಿದರೆ ನನಗಿಂತ ಗಟ್ಟಿ. ಬಲೆ ಚೈನ್ ನಾಲ್ಕೂ ಚಕ್ರಕ್ಕೆ ಕಟ್ಟಿ, ಅಂಗಳದಲ್ಲಿ ಓಡಿಸಿ, ಮತ್ತೆ ಬಿಗಿದೆವು. ಮಧ್ಯಾಹ್ನವಾಗಿತ್ತು. ನಾನು ಕೈ ಒರೆಸಿಕೊಳ್ಳುತ್ತಿದ್ದೆ. ಹೆಲೆನ್ ಲೋಡರಿನಲ್ಲಿ ಒಣಹುಲ್ಲಿನ ಒಂದು ದೊಡ್ಡ ಉರುಳೆ ಎತ್ತಿಕೊಂಡಳು.

“ಎಲ್ಲಿಗೆ?” ಮರ್ಲೀನ್ ಕೇಳಿದಳು.

“ಕೆಳಗಿನ ಹುಲ್ಲುಗಾವಲಿಗೆ. ದನಗಳು ಅಲ್ಲೇ ಸಿಕ್ಕಿಹಾಕಿಕೊಂಡಿವೆ. ಎರಡು ದಿನದಿಂದ ಹೊಟ್ಟೆಗಿಲ್ಲ.”

“ಇಳಿಜಾರು ನೋಡೋಣ.”

“ನೋಡೋದೇನಿದೆ? ಚೈನ್ ಹಾಕಿದ್ದೀರಲ್ಲ.”

ಮರ್ಲೀನ್ ಶೆಡ್ಡಿನಿಂದ ಸಲಿಕೆ ತೆಗೆದುಕೊಂಡು ನಡೆದಳು. ನಾವಿಬ್ಬರೂ ಹಿಂದೆ ಹೋದೆವು. ಮನೆಯ ಹಿಂದಿನ ದಿಬ್ಬದ ಮೇಲೆ ಒಂದು ಗೇಟು. ಅಲ್ಲಿಂದ ದಾರಿ ಬೆಟ್ಟದ ಬದಿಗೆ ಅಡ್ಡಡ್ಡ ಇಳಿಯುತ್ತದೆ. ಎಡಕ್ಕೆ ಕೊರಕಲು, ಕೆಳಗೆ ಹೊಳೆ. ದೂರದಲ್ಲಿ ಕಪ್ಪು ದನಗಳು ಬೇಲಿಗೆ ಒತ್ತಿಕೊಂಡು ನಿಂತಿದ್ದವು. ಅವುಗಳ ಕೂಗು ಮೇಲಿನವರೆಗೂ ಕೇಳುತ್ತಿತ್ತು. ಅರ್ಧ ದಾರಿಯಲ್ಲಿ ಮರ್ಲೀನ್ ನಿಂತು ಹಿಮ ಕೆದಕಿದಳು. ಮೇಲೆ ಮೆತ್ತನೆಯ ಹಿಮ, ಅದರ ಕೆಳಗೆ ಗಾಜಿನಂಥ ಗಟ್ಟಿ ಪದರ. ಬೆಟ್ಟದಿಂದ ಒಸರುವ ಒರತೆಯ ನೀರು ದಾರಿಗೆ ಅಡ್ಡವಾಗಿ ಹರಿದು ಹೆಪ್ಪುಗಟ್ಟಿತ್ತು. ಸಲಿಕೆ ಹೊಡೆದರೆ ಟಣ್ ಎಂದಿತು.

“ಚೈನ್ ಹಿಮಾನ ಕಚ್ಚುತ್ತೆ,” ಅಂದಳು ಮರ್ಲೀನ್. “ಆ ಹಿಮ ನೆಲಾನ ಕಚ್ಚಿಲ್ಲ. ಎರಡೂ ಸೇರಿ ಜಾರುತ್ತವೆ. ಮುಂದುಗಡೆ ಹುಲ್ಲಿನ ಭಾರ ಬೇರೆ. ಇಳಿಸಬೇಡ.”

ಹೆಲೆನ್ ಮುಖ ಬಿಗಿಯಿತು. “ಇಯಾನ್ ಪ್ರತಿ ಚಳಿಗಾಲ ಇಳಿಸ್ತಿದ್ದ. ಇದಕ್ಕಿಂತ ಕೆಟ್ಟ ಚೈನ್ ಹಾಕ್ಕೊಂಡು.”

“ಇರಬಹುದು. ಬೇರೆ ಟ್ರ್ಯಾಕ್ಟರ್ ಅದು.”

“ಅವನ ಕೈಲಾಗಿದ್ದು ನನ್ನ ಕೈಲಾಗಲ್ಲ ಅಂತಲಾ?”

ಮರ್ಲೀನ್ ನನ್ನ ಕಡೆ ತಿರುಗಿದಳು. “ನ್ಯಾಗ್, ನೀನಾದರೆ ಇಳಿಸ್ತೀಯಾ?”

ಅವಳು ನನ್ನನ್ನು ಕೇಳುತ್ತಾಳೆ ಎಂದುಕೊಂಡಿರಲಿಲ್ಲ. ನಿಜ ಹೇಳುವುದಾದರೆ ಅಲ್ಲಿಯವರೆಗೆ ನನ್ನ ಮನಸ್ಸು ಹೆಲೆನ್ ಕಡೆಗೇ ಇತ್ತು. ಅರ್ಧ ದಿನ ಬೆರಳು ಮರಗಟ್ಟುವಂತೆ ಕಟ್ಟಿದ ಚೈನ್, ನಾಲ್ಕು ಚಕ್ರ, ಒಳ್ಳೆಯ ಬಿಗಿ. ದನಗಳ ಕೂಗನ್ನು ಕೇಳುತ್ತ ಬೇಡ ಅನ್ನುವುದು ಕಷ್ಟ. ಆದರೆ ಗಂಗಾವತಿಯ ಕೆಸರು ನೆನಪಿಗೆ ಬಂತು. ಗದ್ದೆಯಲ್ಲಿ ಟ್ರ್ಯಾಕ್ಟರ್ ಕೈಕೊಟ್ಟರೆ ಹೂತುಕೊಳ್ಳುತ್ತದೆ, ಇಳಿದು ಬೈದುಕೊಂಡು ಇನ್ನೊಂದನ್ನು ತಂದು ಎಳೆಸಬಹುದು. ಇಲ್ಲಿ ಹೂತುಕೊಳ್ಳಲು ಏನೂ ಇರಲಿಲ್ಲ. ಕೆಳಗೆ ಹೊಳೆ ಇತ್ತು.

“ಇಳಿಸಲ್ಲ,” ಅಂದೆ.

ಹೆಲೆನ್ ನನ್ನನ್ನೇ ನೋಡಿದಳು. “ಬಿಸಿಲಿನ ದೇಶದವನು ನನಗೆ ಹಿಮದ ವಿಷಯ ಹೇಳಬೇಕಾಯ್ತು,” ಅಂದು ಮೇಲಕ್ಕೆ ನಡೆದಳು. ಟ್ರ್ಯಾಕ್ಟರ್ ಹತ್ತಿ ಕುಳಿತೇ ಬಿಟ್ಟಳು. ಎಂಜಿನ್ ಶುರು ಮಾಡಿ ಗೇಟಿನವರೆಗೂ ತಂದಳು. ಮರ್ಲೀನ್ ಅಡ್ಡ ನಿಲ್ಲಲಿಲ್ಲ, ಪಕ್ಕದಲ್ಲಿ ನಿಂತು ಗೇಟು ತೆರೆದು ಹಿಡಿದಳು.

“ನಾನು ಚೈನ್ ಮಾರಿದ್ದೀನಿ,” ಅಂದಳು ಮರ್ಲೀನ್ ಕ್ಯಾಬಿನ್ ಕಡೆ ನೋಡಿ. “ಆ ಇಳಿಜಾರು ಮಾರಿಲ್ಲ. ಹೋಗೋದಾದ್ರೆ ಸೀಟ್ ಬೆಲ್ಟ್ ಹಾಕ್ಕೋ. ಬಾಗಿಲು ಹಾಕ್ಕೋಬೇಡ.”

ಎಂಜಿನ್ ಓಡುತ್ತಲೇ ಇತ್ತು. ಹೆಲೆನ್ ಸ್ಟಿಯರಿಂಗ್ ಹಿಡಿದು ಕೆಳಗೆ ನೋಡುತ್ತ ಕುಳಿತಿದ್ದಳು. ಬಾಗಿಲು ಹಾಕಿಕೊಳ್ಳಬೇಡ ಅನ್ನುವುದು ಹೊಳೆಗೆ ಉರುಳಿದರೆ ಹೊರಬರಲಿಕ್ಕೆ ಎಂದು ಅವಳಿಗೆ ಅರ್ಥವಾಗಿರಬೇಕು. ಕೊನೆಗೆ ಲೋಡರನ್ನು ನೆಲಕ್ಕೆ ಇಳಿಸಿ ಎಂಜಿನ್ ಆರಿಸಿದಳು.

“ಹಾಗಾದ್ರೆ ಅವು ಸಾಯ್ಲಾ?”

ನಮ್ಮ ಯೂಟಿನ ಹಿಂದೆ ಸರಕು ಮುಚ್ಚುವ ದಪ್ಪ ಟಾರ್ಪಾಲ್ ಇತ್ತು. ನಾನು ಅದನ್ನು ತಂದೆ. ಉರುಳೆಯನ್ನು ಬಿಚ್ಚಿ, ಹುಲ್ಲನ್ನು ಟಾರ್ಪಾಲಿನ ಮೇಲೆ ಹೇರಿ, ದಾರಿ ಬಿಟ್ಟು ಬೇಲಿಯ ಪಕ್ಕದಲ್ಲೇ ಎಳೆದುಕೊಂಡು ಇಳಿದೆವು. ಅಲ್ಲಿ ಒರತೆ ಇರಲಿಲ್ಲ, ಹುಲ್ಲಿನ ಬುಡಗಳು ಹಿಮದಿಂದ ಮೇಲೆದ್ದಿದ್ದವು, ಹಿಡಿದುಕೊಳ್ಳಲು ಬೇಲಿಯ ಕಂಬಗಳಿದ್ದವು. ಹೆಲೆನ್ ಮುಂದೆ, ಮರ್ಲೀನ್ ಮತ್ತು ನಾನು ಟಾರ್ಪಾಲ್ ಓಡಿಹೋಗದಂತೆ ಹಿಂದಿನಿಂದ ಹಗ್ಗ ಹಿಡಿದು. ಇಳಿಯುವುದು ಸುಲಭವಾಗಿತ್ತು, ಹತ್ತುವಾಗ ಮೊಣಕಾಲು ಕಿತ್ತುಬರುತ್ತಿತ್ತು. ಸಂಜೆಯವರೆಗೂ ಎಳೆದೆವು. ದನಗಳು ತಿಂದವು, ಕೆಲವು ದಾರಿಯುದ್ದಕ್ಕೂ ಉದುರಿದ ಹುಲ್ಲು ತಿನ್ನುತ್ತ ಬೇಲಿ ಹಿಡಿದು ಮೇಲಕ್ಕೂ ಬಂದವು.

ಒಂದು ಎಳೆಯ ಹಸು ಮಾತ್ರ ಏಳಲಿಲ್ಲ. ಮೊದಲ ಸಲದ ಗಬ್ಬ. ಬೇಲಿಯ ಮೂಲೆಯಲ್ಲಿ ಮಲಗಿತ್ತು. ಹೆಲೆನ್ ತನ್ನ ಕೋಟು ಬಿಚ್ಚಿ ಅದರ ಮೇಲೆ ಹಾಕಿ ಕುತ್ತಿಗೆ ಉಜ್ಜಿದಳು. ಬಾಯಿಗೆ ಹುಲ್ಲು ಇಟ್ಟರೆ ಅದು ಬರೀ ಮೂಸಿತು. ನಾವು ಮೂವರೂ ಎತ್ತಲು ನೋಡಿದೆವು. ಬೆಳಕು ಇಳಿಯುವಷ್ಟರಲ್ಲಿ ಅದು ಸತ್ತಿತು.

“ಮಧ್ಯಾಹ್ನ ಟ್ರ್ಯಾಕ್ಟರ್ ಬಂದಿದ್ರೆ ಲೋಡರಿನಲ್ಲಿ ಎತ್ತಿಕೊಂಡು ಹೋಗಬಹುದಿತ್ತು,” ಅಂದಳು ಹೆಲೆನ್. ಕೂಗಾಡಲಿಲ್ಲ. ಸುಮ್ಮನೆ ಹೇಳಿದಳು.

ಆಕೆ ಹೇಳಿದ್ದು ಸುಳ್ಳಲ್ಲ.

ಮೆಲ್ಬರ್ನ್‌ಗೆ ವಾಪಸ್ಸು ಬರುವಾಗ ಮರ್ಲೀನ್ ತಾನಾಗಿಯೇ, “ಇಳಿದಿದ್ರೆ ಏನಾಗ್ತಿತ್ತೋ ನನಗೂ ಗೊತ್ತಿಲ್ಲ, ನ್ಯಾಗ್,” ಅಂದಳು. ಈ ಕೆಲಸಕ್ಕೆ ಬರುವವರು ಇದೊಂದನ್ನು ತಿಳಿದಿರಬೇಕು. ತಪ್ಪು ಮಾಡಿದರೆ ಅದು ಕೌಂಟರಿನ ಮೇಲೆ ಬಂದು ಬೀಳುತ್ತದೆ. ಸರಿ ಮಾಡಿದರೆ ಏನೂ ಆಗುವುದಿಲ್ಲ. ಏನೂ ಆಗದೇ ಇರುವುದನ್ನು ಯಾರಿಗೂ ತೋರಿಸಲಾಗುವುದಿಲ್ಲ. ಮನೆಗೆ ಬಂದು ಸುಮಾಗೆ ಹೇಳಿದೆ. “ನೀವು ಮೆಕ್ಯಾನಿಕ್. ಹೋಗಿ ಬೇಡ ಅನ್ನೋಕೆ ನಿಮಗೆ ಸಂಬಳ ಕೊಡ್ತಾರಾ?” ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ಬೇಡ ಅಂದಿದ್ದೇ ಒಳ್ಳೇದಾಯ್ತು ಬಿಡಿ,” ಎಂದು ಬಿಸಿನೀರು ಕಾಯಿಸಿ ಕಾಲಿಗೆ ಕೊಟ್ಟಳು.

ಆ ಚಳಿಗಾಲವೆಲ್ಲ ಹೆಲೆನಳಿಂದ ಫೋನ್ ಬರಲಿಲ್ಲ. ಅವಳು ಬೇರೆ ಅಂಗಡಿ ಹಿಡಿದಿರಬಹುದು ಎಂದುಕೊಂಡೆವು. ವಸಂತ ಬಂದು ಹಿಮ ಕರಗಿದ ಮೇಲೆ ಒಂದು ದಿನ ಫೋನ್ ಮಾಡಿ, ಬಂದು ಹೋಗಿ ಅಂದಳು. ಚೈನ್ ಬಿಚ್ಚಲಿಕ್ಕಾ ಎಂದು ಮರ್ಲೀನ್ ಕೇಳಿದರೆ, ಬಿಚ್ಚಿ ತೊಳೆದು ಎಣ್ಣೆ ಹಾಕಿ ಇಟ್ಟಿದ್ದೇನೆ ಅಂದಳಂತೆ.

ಹೋದಾಗ ನಮ್ಮನ್ನು ನೇರ ದಿಬ್ಬದ ಗೇಟಿನ ಹತ್ತಿರ ಕರೆದುಕೊಂಡು ಹೋದಳು. ಗೇಟಿನ ಪಕ್ಕದಲ್ಲಿ ವಾಟಲ್ ಎಂಬ ಜಾಲಿ ಜಾತಿಯ ಗಿಡಗಳ ಒಂದು ಪೊದೆ. ಬೇಲಿ ಸರಿಪಡಿಸಲು ಬಂದವಳು ಪೊದೆ ಸವರಿದಾಗ ಕಂಡದ್ದಂತೆ. ತುಕ್ಕು ಹಿಡಿದ ಒಂದು ತಗಡು. ಮುಂದಿನ ಅಂಚನ್ನು ಮೇಲಕ್ಕೆ ಬಗ್ಗಿಸಿ ದೋಣಿಯ ಮೂತಿಯಂತೆ ಮಾಡಲಾಗಿತ್ತು. ಅಂಚಿಗೆ ಎರಡು ತೂತು, ತೂತಿಗೆ ತಂತಿ ಸುತ್ತಿ ಕಟ್ಟಿದ ಹಗ್ಗ. ತಗಡಿನ ಅಡಿಭಾಗ ಉಜ್ಜಿ ಉಜ್ಜಿ ನುಣುಪಾಗಿತ್ತು. ಮಡಿಕೆಯಲ್ಲಿ ಕೊಳೆತ ಹುಲ್ಲು ಇನ್ನೂ ಸಿಕ್ಕಿಕೊಂಡಿತ್ತು.

“ತಂತಿ ಸುತ್ತಿರೋದು ನೋಡಿ,” ಅಂದಳು ಹೆಲೆನ್. “ಇಯಾನ್ ಮಾತ್ರ ಹಾಗೆ ಸುತ್ತೋದು. ಎಡಗೈಯವನು.”

ಮರ್ಲೀನ್ ಬಗ್ಗಿ ತಗಡನ್ನು ಮುಟ್ಟಿ ನೋಡಿದಳು. ಆಮೇಲೆ ಬೇಲಿಯ ಉದ್ದಕ್ಕೂ ಕೆಳಗೆ ನೋಡಿದಳು. ನಾವು ಟಾರ್ಪಾಲ್ ಎಳೆದುಕೊಂಡು ಹೋದ ದಾರಿಯೇ ಅದು.

“ನಾನು ಅಡುಗೆಮನೆಯಲ್ಲಿ ನಿಂತು ಟ್ರ್ಯಾಕ್ಟರ್ ಸದ್ದು ಕೇಳ್ತಿದ್ದೆ,” ಅಂದಳು ಹೆಲೆನ್. “ಮನೆಯಿಂದ ಈ ಕಡೆ ಏನೂ ಕಾಣಲ್ಲ. ಸದ್ದು ಕೇಳ್ತಾನೇ ಇರೋದು. ಕೆಳಗೆ ಓಡಿಸ್ತಿದ್ದಾನೆ ಅಂದ್ಕೋತಿದ್ದೆ. ಎಂಜಿನ್ ಆರಿಸದೆ ಟ್ರ್ಯಾಕ್ಟರ್ ಇಲ್ಲೇ ನಿಲ್ಲಿಸಿ ಈ ತಗಡು ಎಳೀತಿದ್ದ. ಮನೆಗೆ ಬಂದಾಗ ತೊಡೆಯವರೆಗೂ ಒದ್ದೆ. ಕ್ಯಾಬಿನ್ ಇಲ್ಲವಲ್ಲ, ಅದಕ್ಕೆ ಅಂತ ನಾನು.”

“ನಿನಗೆ ಹೇಳಲಿಲ್ಲವಾ?” ನಾನು ಕೇಳಿದೆ.

“ನಾನು ಕೇಳಲಿಲ್ಲ. ಊರಿನ ಕ್ಲಬ್ಬಿನಲ್ಲಿ ಎಲ್ಲರೂ ಇಯಾನ್ ಆ ಇಳಿಜಾರಿನಲ್ಲಿ ಟ್ರ್ಯಾಕ್ಟರ್ ಇಳಿಸ್ತಾನೆ ಅಂತಿದ್ರು. ಅವನು ಇಲ್ಲ ಅಂತಿರಲಿಲ್ಲ, ಅಷ್ಟೆ.”

ಆಕೆ ತಗಡಿನ ಮೇಲೆಯೇ ಕುಳಿತಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ಮರ್ಲೀನ್ ಪಕ್ಕದಲ್ಲಿ ಕುಳಿತಳು. ನಾನು ಗೇಟಿಗೆ ಒರಗಿ ನಿಂತೆ. ಕೆಳಗೆ ದನಗಳು ಹೊಸ ಹುಲ್ಲು ಮೇಯುತ್ತಿದ್ದವು. ಆ ಎಳೆಯ ಹಸುವಿನ ಮಾತನ್ನು ಯಾರೂ ಎತ್ತಲಿಲ್ಲ. ಹೊರಡುವಾಗ ಹೆಲೆನ್ ನಮಗೆ ಥ್ಯಾಂಕ್ಸ್ ಹೇಳಲಿಲ್ಲ, ನಾವು ನಿರೀಕ್ಷಿಸಿಯೂ ಇರಲಿಲ್ಲ. ಒಂದು ಪೆಟ್ಟಿಗೆ ನಿಂಬೆಹಣ್ಣು ಕೊಟ್ಟಳು. ಸುಮಾ ಅದನ್ನೆಲ್ಲ ಉಪ್ಪಿನಕಾಯಿ ಹಾಕಿದಳು.

ಆಮೇಲೆ ಕೆಲಸ ಬದಲಾಯಿತು. ಗಿರಾಕಿಗಳು ಫೋನಿನಲ್ಲೇ ಟೈರಿನ, ಮಡ್‌ಗಾರ್ಡಿನ, ಪೈಪಿನ ಫೋಟೋ ಕಳಿಸತೊಡಗಿದರು. ನಾವು ಬೆಟ್ಟಕ್ಕೆ ಹೋಗುವುದು ಕಡಿಮೆಯಾಯಿತು. ತಾನೇ ಬಿಗಿಯಾಗುವ ರಬ್ಬರ್ ಪಟ್ಟಿಗಳು ಬಂದವು. ಕಟ್ಟುವ ಕೆಲಸ ಅರ್ಧಕ್ಕರ್ಧ ಹಗುರವಾಯಿತು. ಫೋಟೋದಲ್ಲಿ ಇಳಿಜಾರು ಕಾಣುವುದಿಲ್ಲ, ಎಂಥ ಏರೂ ಸಪಾಟಾಗಿಯೇ ಕಾಣುತ್ತದೆ. ಹಾಗಾಗಿ ಕೊನೆಯವರೆಗೂ ನಾನು ಫೋನ್ ಮಾಡಿ, ಎಲ್ಲಿಗೆ ಇಳಿಸ್ತೀರಿ, ಕೆಳಗೆ ಏನಿದೆ ಎಂದು ಕೇಳುತ್ತಿದ್ದೆ. ಕೆಲವರಿಗೆ ಕಿರಿಕಿರಿಯಾಗುತ್ತಿತ್ತು. ಚೇತನ್, ನೀನೂ ಕೇಳು. ಬೈಸಿಕೊಂಡರೂ ಪರವಾಗಿಲ್ಲ.

ಹೆಲೆನ್ ಮುಂದಿನ ಚಳಿಗಾಲದಲ್ಲಿ ಒಂದು ಸವೆದ ಕೊಂಡಿ ಬದಲಿಸಲು ಅಂಗಡಿಗೇ ಬಂದಿದ್ದಳು. ದನಗಳು ಹೇಗಿವೆ ಎಂದು ಕೇಳಿದೆ. ಹಿಮ ಬೀಳುವ ಮೊದಲೇ ಬಹುಪಾಲು ದನಗಳನ್ನು ಮೇಲಕ್ಕೆ ತಂದಿದ್ದೇನೆ, ಕೆಲವು ಹಟಮಾರಿಗಳು ಕೆಳಗೇ ಇವೆ, ಅವಕ್ಕೆ ದಿನಾ ಹುಲ್ಲು ಒಯ್ಯುತ್ತೇನೆ ಅಂದಳು.

“ಹೇಗೆ ಒಯ್ತೀಯ?”

“ಗೇಟಿನವರೆಗೆ ಟ್ರ್ಯಾಕ್ಟರಿನಲ್ಲಿ. ಅಲ್ಲಿಂದ ತಗಡು.” ಕೊಂಡಿಯನ್ನು ಜೇಬಿಗೆ ಹಾಕಿಕೊಂಡು ಬಾಗಿಲ ಹತ್ತಿರ ಹೋದವಳು ತಿರುಗಿ ನಿಂತಳು. “ಎಂಜಿನ್ ಆಫ್ ಮಾಡಲ್ಲ. ಆ ಸದ್ದು ಕೇಳ್ತಾ ಇದ್ರೆ ಹತ್ತೋದು ಸುಲಭ. ಇಯಾನ್ ಯಾಕೆ ಅದನ್ನ ಆರಿಸದೆ ಹೋಗ್ತಿದ್ದ ಅಂತ ಈಗ ಗೊತ್ತಾಯ್ತು.”